ಆ ಕಡೆಯಿಂದ ಎಣಿಸಿದ ಮೊಳಕೆಗಳು

ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಧೂಳು ದಪ್ಪವಾಗಿ ಹಿಡಿದಿದೆ, ಅದು ಹೇಗೆ, ಮೂರೂ ಒಟ್ಟಿಗೇ ತಿರುಗುವುದಲ್ಲವೇ, ಒಂದೇ ಗಾಳಿ, ಒಂದೇ ಧೂಳು — ಯಾರೋ ಏಣಿ ಹತ್ತಿ ಎರಡನ್ನು ಒರೆಸಿ ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಊಟದ ಹೊತ್ತಾಗಿ ಇಳಿದು ಹೋಗಿರಬೇಕು, ಅಷ್ಟೇ, ಲೋಕದ ಅರ್ಧ ರಹಸ್ಯಗಳಿಗೆ ಇಷ್ಟೇ ಉತ್ತರ, ಯಾರಿಗೋ ಹಸಿವಾಯಿತು, ಯಾರಿಗೋ ಕಾಲು ನೋವು ಬಂತು, ಯಾರೋ ಕುರ್ಚಿ ಇದೆಯೆಂದು ಆ ಕಡೆ ಹೋಗಿ ಕೂತರು, ಎಂದುಕೊಳ್ಳುತ್ತಲೇ ಅವಳಿಗೆ ನಗು ಉಕ್ಕಿ ಬಂತು, ಸಂದರ್ಶನಕ್ಕೆ ಕಾದು ಕೂತವಳು ಒಬ್ಬಳೇ ನಗುವುದೇ, ಪಕ್ಕದ ಕುರ್ಚಿಯ ಕಪ್ಪೆ ಮೇಷ್ಟ್ರು ತಿರುಗಿ ನೋಡಿದರು, ಅವಳು ಕೆಮ್ಮಿದಂತೆ ಮಾಡಿ ನುಂಗಿಕೊಂಡಳು. ಐವತ್ತೊಂದು ವರ್ಷ ಹನ್ನೊಂದು ತಿಂಗಳ ಹೆಂಗಸು, ಇಪ್ಪತ್ತಾರು ವರ್ಷದಿಂದ ಇದೇ ವಿಶ್ವವಿದ್ಯಾಲಯದಲ್ಲಿ ಬೀಜ ಹೇಗೆ ಮೊಳೆಯುತ್ತದೆಂದು ಪಾಠ ಹೇಳಿಕೊಂಡು ಬಂದವಳು, ಎದುರಿಗೆ ಮೇಡಂ, ಬೆನ್ನ ಹಿಂದೆ ಬೀಜದಮ್ಮ, ಎರಡು ಸಲ ಇದೇ ಕಾರಿಡಾರಿನಲ್ಲಿ ಇದೇ ಕಬ್ಬಿಣದ ಕುರ್ಚಿಯಲ್ಲಿ ಕೂತು ಎರಡು ಸಲವೂ ಪ್ರಾಧ್ಯಾಪಕಿಯಾಗದೆ ಎದ್ದು ಹೋದವಳು, ಇದು ಮೂರನೆಯ ಸಲ, ಕೊನೆಯದೂ ಹೌದು, ಐವತ್ತೆರಡು ತುಂಬಿದ ಮೇಲೆ ಇಲ್ಲಿ ಈ ಹುದ್ದೆಗೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಮುಂದಿನ ತಿಂಗಳ ಒಂಬತ್ತಕ್ಕೆ ತುಂಬುತ್ತದೆ — ನ್ಯಾಯವಾಗಿ ಹೆದರಬೇಕು, ಆದರೆ ಬೆಳಿಗ್ಗೆ ಎಂಟೂವರೆಯಿಂದ ಮೈಯೆಲ್ಲ ಕಾದಿದೆ, ಡಾಕ್ಟರಮ್ಮ ಹೇಳಿದ್ದಳು, ಈ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗುತ್ತೆ, ಗಾಬರಿ ಬೇಡ, ಎರಡು ವರ್ಷಕ್ಕೆ ತಾನಾಗೇ ಹೋಗುತ್ತೆ, ಆದರೆ ಇದು ಆ ಬಿಸಿಯಲ್ಲ, ಅದು ಕುತ್ತಿಗೆಯಿಂದ ಶುರುವಾಗಿ ಮುಖಕ್ಕೆ ಏರುತ್ತದೆ, ಇದು ಅಂಗಾಲಿನಿಂದ ಬರುತ್ತಿದೆ, ಕಾಲು ಕುಣಿಯುತ್ತಿವೆ, ಇದು ಸಂತೋಷ, ಹೌದು, ಸಂತೋಷವೇ, ಗುರುತೇ ಸಿಕ್ಕಿರಲಿಲ್ಲ, ಎಷ್ಟು ವರ್ಷವಾಗಿತ್ತು ಇದು ಮನೆಗೆ ಬಂದು. ತೊಡೆಯ ಮೇಲಿನ ಕಡತದ ಕೆಳಗೆ ನೀಲಿ ರಟ್ಟಿನ ಹಳೆಯ ಪುಸ್ತಕವಿದೆಯೇ ಎಂದು ಅವಳು ಹತ್ತನೆಯ ಸಲ ಮುಟ್ಟಿ ನೋಡಿದಳು.

ಎಂಟೂವರೆಗೆ ಅವಳು ಪ್ರಯೋಗಾಲಯಕ್ಕೆ ಹೋದದ್ದು ಬರೀ ಈ ಕಡತಕ್ಕೆ, ಎರಡು ನಿಮಿಷದ ಕೆಲಸ, ಆದರೆ ಪಕ್ಕದ ಕೋಣೆಯಲ್ಲಿ ಬಡಗಿ ಡಬಡಬ ಬಡಿಯುತ್ತಿದ್ದ, ಆ ಕೋಣೆಯನ್ನು ಕಂಪ್ಯೂಟರಿನವರಿಗೆ ಕೊಟ್ಟಿದ್ದಾರೆ, ಗೋಡೆಯ ಹಲಗೆಗಳನ್ನೆಲ್ಲ ಕೀಳುತ್ತಿದ್ದಾರೆ, ಅವಳು ಏನೋ ಗೊಣಗಿಕೊಂಡು ಕಡತ ಹುಡುಕುತ್ತಿದ್ದಾಗ ಮೊಳಕೆ ಬೀರುವಿನ ಹಿಂಬದಿಯಿಂದ ಬೆಳಕು ಬಂತು. ಮೊಳಕೆ ಬೀರು ಎಂದರೆ ಅವಳ ಜೀವನ, ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕೂರಿಸಿದ ಗಾಜಿನ ಬೀರು, ಒಳಗೆ ಬೇಕಾದಷ್ಟೇ ಬಿಸಿ, ಬೇಕಾದಷ್ಟೇ ತೇವ, ಮೂರು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಸಾಲಾಗಿ ಹನ್ನೆರಡು ಗಾಜಿನ ತಟ್ಟೆ, ಒಂದೊಂದು ತಟ್ಟೆಯಲ್ಲಿ ನೂರು ಬೀಜ — ಆ ಬೀರುವಿನ ಹಿಂದೆ ಗೋಡೆ ಎಂದೇ ಅವಳು ಇಪ್ಪತ್ತು ವರ್ಷದಿಂದ ನಂಬಿದ್ದಳು, ನಂಬಿದ್ದಳೇ, ಇಲ್ಲ, ಮರೆತಿದ್ದಳು, ಬಡಗಿ ಹಲಗೆ ಕಿತ್ತು ಆ ಕಡೆಯಿಂದ ಕೂಗಿದ, ಅಮ್ಮಾ, ಇದಕ್ಕೆ ಈ ಕಡೆಗೂ ಬಾಗಿಲಿದೆಯಲ್ಲ, ಮುಚ್ಚಿ ಮೊಳೆ ಹೊಡೆದುಬಿಟ್ಟಿದ್ದಾರೆ, ಬಿಚ್ಚಲಾ, ಮತ್ತು ಬಡಗಿಯ ಪಕ್ಕದಲ್ಲಿ ಮೌನಿ ನಿಂತಿದ್ದಳು, ಅವಳ ಸಂಶೋಧನಾ ವಿದ್ಯಾರ್ಥಿನಿ, ನಾಲ್ಕು ವರ್ಷದಲ್ಲಿ ನಾನೂರು ಮಾತಾಡಿದ್ದರೆ ಹೆಚ್ಚು, ಬೆಳಿಗ್ಗೆ ಏಳಕ್ಕೇ ಬಂದು ತಟ್ಟೆ ಎಣಿಸುವ ಹುಡುಗಿ, ಅವಳು ಆ ಕಡೆಯ ಗಾಜಿನ ಮೇಲೆ ಬೆರಳಿಟ್ಟು, ತನ್ನ ಎಡಗೈಯ ಕೊನೆಯಲ್ಲಿದ್ದ ತಟ್ಟೆಯನ್ನು ತೋರಿಸಿ ಕೇಳಿದಳು, ಮೇಡಂ, ಈ ಕಡೆಯಿಂದ ನೋಡಿದ್ರೆ ಒಂದನೇದು ಇದಾಗುತ್ತಾ. ಇಲ್ಲ ಕಣೇ, ಅದು ಹನ್ನೆರಡು, ಎಂದಳು ಇವಳು, ಎಂದುಬಿಟ್ಟಳು, ಎಂದ ಬಾಯಿ ಮುಚ್ಚಲಿಲ್ಲ. ಗಾಜಿನ ಆ ಕಡೆ ಮೌನಿ ಓಹ್ ಎಂದದ್ದು ಕೇಳಿಸಲಿಲ್ಲ, ತುಟಿ ದುಂಡಗಾದದ್ದು ಕಂಡಿತು.

ಆಮೇಲೆ ಅವಳು ಸ್ಟೂಲು ಹತ್ತಿದ್ದು, ಈ ಮಂಡಿಯಲ್ಲಿ, ಮೇಲಿನ ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಎಳೆದದ್ದು, ಧೂಳು ಮೂಗಿಗೆ ಹೋಗಿ ಸೀನಿದ್ದು, ಪುಟ ತಿರುವಿದ್ದು, ಇಪ್ಪತ್ತೆರಡು ವರ್ಷದ ಹಿಂದಿನ ತನ್ನದೇ ಅಕ್ಷರ, ಎಷ್ಟು ನೆಟ್ಟಗೆ, ಎಷ್ಟು ಜಂಬದಿಂದ ನಿಂತ ಅಕ್ಷರ, ಆಗ ಅವಳಿಗೆ ಇಪ್ಪತ್ತೊಂಬತ್ತು, ಒಂಬತ್ತು ತಿಂಗಳ ಬಸುರಿ, ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ, ಆದರೂ ಬೀಜ ಬಿಟ್ಟು ಮನೆಗೆ ಹೋಗಲೊಲ್ಲಳು, ಗಂಡ ಹೇಳುತ್ತಿದ್ದ, ಹೆರಿಗೆ ಆ ಬೀರುವಿನಲ್ಲೇ ಮಾಡಿಸೋಣ ಬಿಡು, ಬಿಸಿ ತೇವ ಎಲ್ಲ ಸರಿಯಾಗಿದೆ. ಪ್ರಯೋಗ ಬಹಳ ಸರಳ, ಒಂದು ಕಳೆಗಿಡ, ಯಾರಿಗೂ ಬೇಡದ್ದು, ಅರ್ಧದಷ್ಟು ಗಿಡಗಳನ್ನು ದಿನಕ್ಕೆರಡು ಸಲ ಬಾಚಣಿಗೆಯಿಂದ ಬಾಚಿ ಬಾಚಿ ಹಿಂಸೆ ಕೊಡುವುದು, ಇನ್ನರ್ಧವನ್ನು ಸುಖವಾಗಿ ಬೆಳೆಯಲು ಬಿಡುವುದು, ಎರಡರ ಬೀಜವನ್ನೂ ಬಿತ್ತಿ ಯಾವುದು ಮೊದಲು ಮೊಳೆಯುತ್ತದೆಂದು ನೋಡುವುದು, ಎಡಗಡೆಯ ಆರು ತಟ್ಟೆ ಕಷ್ಟದ ತಾಯಿಯ ಮಕ್ಕಳು, ಬಲಗಡೆಯ ಆರು ಸುಖದ ತಾಯಿಯ ಮಕ್ಕಳು, ತೇವಕ್ಕೆ ಶಾಯಿ ನಿಲ್ಲದೆ ಹೆಸರಿನ ಚೀಟಿಯೆಲ್ಲ ಅಳಿಸಿಹೋಗಿ ಜಾಗವೇ ಗುರುತು. ಇಟ್ಟದ್ದು ಈ ಕೋಣೆಯಿಂದ. ನಾಲ್ಕು ದಿನ ಒಂದೂ ಮೊಳೆಯಲಿಲ್ಲ. ಐದನೆಯ ದಿನದ ಪುಟದ ಮೂಲೆಯಲ್ಲಿ ಅವಳೇ ಬರೆದಿದ್ದಾಳೆ, ಇಂದಿನಿಂದ ಆ ಕೋಣೆಯ ಬಾಗಿಲಿನಿಂದ ಎಣಿಕೆ, ಅಲ್ಲಿ ಕುರ್ಚಿ ಇದೆ, ನಿಲ್ಲಲು ಆಗುತ್ತಿಲ್ಲ. ಅಷ್ಟೇ. ಒಂದು ಕುರ್ಚಿ. ಅದರಲ್ಲಿ ಕೂತು, ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ಎಡದಿಂದ ಬಲಕ್ಕೆ ಒಂದು ಎರಡು ಮೂರು ಎಂದು ಹದಿನೈದು ದಿನ ಎಣಿಸಿದ್ದಾಳೆ, ಸುಖದ ಮಕ್ಕಳನ್ನು ಕಷ್ಟದ ಮಕ್ಕಳೆಂದು, ಕಷ್ಟದವರನ್ನು ಸುಖದವರೆಂದು, ಮೂರು ಅಂತಸ್ತೂ ತಿರುವುಮುರುವು, ಮಗಳು ಹುಟ್ಟಿದ ಮೂರನೆಯ ವಾರ ತೊಟ್ಟಿಲ ಪಕ್ಕದಲ್ಲೇ ಲೇಖನ ಬರೆದು ಕಳಿಸಿದ್ದಾಳೆ — ಕಷ್ಟಪಟ್ಟ ತಾಯಿಯ ಬೀಜ ಎರಡು ದಿನ ಮೊದಲೇ ಮೊಳೆಯುತ್ತದೆ, ತಾಯಿಯ ಅವಸರ ಬೀಜಕ್ಕೆ ಗೊತ್ತು. ಎಂಥ ಚೆಂದದ ಮಾತು, ಲೋಕ ಮರುಳಾಯಿತು, ನಾನೂರು ಲೇಖನಗಳಲ್ಲಿ ಅದನ್ನು ಉಲ್ಲೇಖಿಸಿದ್ದಾರೆ, ಪಠ್ಯಪುಸ್ತಕದಲ್ಲಿ ಅರ್ಧ ಪುಟ ಬಂದಿದೆ, ಒಬ್ಬರಾದರೂ ಬಿತ್ತಿ ನೋಡಿದ್ದಾರೆಯೇ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರೇ ನಾನೂರೂ ಮಂದಿ.

ಹಾಗಾದರೆ ನಿಜ ಏನು, ನಿಜ ಇದಕ್ಕಿಂತ ಚೆಂದ, ಅದೇ ತಾನೇ ಮೈ ಬಿಸಿಯಾದದ್ದು, ಕಷ್ಟದ ತಾಯಿಯ ಬೀಜ ಅವಸರ ಮಾಡುವುದಿಲ್ಲ, ಅದು ಕಾಯುತ್ತದೆ, ಹೊರಗೆ ಏನಿದೆಯೋ ನೋಡಿಕೊಂಡು ಬರೋಣ ತಾಳು ಎಂದು ಮಣ್ಣಿನೊಳಗೆ ಉಸಿರು ಹಿಡಿದು ಕೂತಿರುತ್ತದೆ, ಅಯ್ಯೋ, ಇದು ಎಷ್ಟು ಸಹಜ, ಇದನ್ನು ತರಗತಿಯ ಹಿಂದಿನ ಬೆಂಚಿನವನೂ ಊಹಿಸಬಹುದಿತ್ತು, ಇವಳಿಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಇಪ್ಪತ್ತೆರಡು ವರ್ಷ ಅದೇ ಒಂದು ಲೇಖನದ ಬಡ್ಡಿಯಲ್ಲಿ ಬದುಕಿದವಳು, ಅದೇ ಚಿತ್ರಗಳ ಉಪನ್ಯಾಸ, ಅದೇ ಜಾಗದಲ್ಲಿ ಅದೇ ನಗೆಚಟಾಕಿ, ಅವಳಿಗೇ ಬೇಸರ ಬಂದು ಹೋದ ವರ್ಷ ಉಪನ್ಯಾಸದ ಮಧ್ಯೆ ಆಕಳಿಕೆ ಬಂದಿತ್ತು, ತನ್ನದೇ ಉಪನ್ಯಾಸಕ್ಕೆ ತಾನೇ ಆಕಳಿಸಿದವಳು ಇನ್ನೊಬ್ಬಳಿದ್ದರೆ ತೋರಿಸಲಿ, ಅಂದು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು, ಮುಗಿಯಿತು, ನಾನು ಒಣಗಿದ ಹೊಟ್ಟು, ಇನ್ನು ಎಂಟು ವರ್ಷ ಹಾಜರಿ ಹಾಕಿ ಮನೆಗೆ ಹೋಗುವುದು. ಮತ್ತು ಇಂದು ನೋಡು! ತಲೆಯೊಳಗೆ ಒಂದರ ಹಿಂದೊಂದು ಪ್ರಶ್ನೆ, ಎಷ್ಟು ದಿನ ಕಾಯುತ್ತದೆ, ಯಾವ ಸದ್ದಿಗೆ ಏಳುತ್ತದೆ, ಮೊಮ್ಮಗಳ ಬೀಜವೂ ಕಾಯುತ್ತದೆಯೇ, ಇಪ್ಪತ್ತೊಂಬತ್ತರಲ್ಲಿ ಹೀಗೇ ಇತ್ತು, ಹೀಗೇ ನಿದ್ದೆ ಬಿಟ್ಟು ಎದ್ದು ಓಡುತ್ತಿದ್ದಳು. ಎದ್ದು ನಾಲ್ಕು ಹೆಜ್ಜೆ ನಡೆದು ಬಂದು ಅವಳು ಮತ್ತೆ ಕೂತಳು.

ಏನ್ರೀ, ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ, ಎಂದರು ಕಪ್ಪೆ ಮೇಷ್ಟ್ರು, ಪ್ರಾಣಿಶಾಸ್ತ್ರದವರು, ಮೂವತ್ತು ವರ್ಷದಿಂದ ಕಪ್ಪೆಯ ಕೂಗು ದಾಖಲಿಸುತ್ತಿರುವವರು, ಐವತ್ತು ದಾಟಿದ ಮೇಲೆ ಕೂದಲಿಗೆ ಬಣ್ಣ ಹಚ್ಚಲು ಶುರು ಮಾಡಿ ಕಿವಿಯ ತುದಿಗೂ ಹಚ್ಚಿಕೊಂಡು ಬಂದಿದ್ದಾರೆ ಇಂದು, ಪಾಪ, ಕೈಯಲ್ಲಿ ಚೀಟಿ, ಅದನ್ನು ಬಾಯಿಪಾಠ ಮಾಡುತ್ತಿದ್ದಾರೆ, ಹೇಳಬೇಕೇ ಇವರಿಗೆ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ, ಹೇಳಿಬಿಟ್ಟಳು, ಬೀರು, ಬಾಗಿಲು, ಕುರ್ಚಿ, ಎಲ್ಲ ಒಂದೇ ಉಸಿರಿಗೆ. ಮೇಷ್ಟ್ರ ಮುಖ ಸಣ್ಣಗಾಯಿತು. ಅಂದ್ರೆ ನಿಮ್ಮ ಆ ಲೇಖನ ಸುಳ್ಳಾ. ಸುಳ್ಳಲ್ಲ ಮೇಷ್ಟ್ರೇ, ತಪ್ಪು. ಒಂದೇ ಅಲ್ವೇನ್ರೀ. ಒಂದೇ ಅಲ್ಲ. ಸರಿ, ಇದನ್ನ ಒಳಗೆ ಹೇಳ್ತೀರಾ. ಹೇಳ್ದೆ ಮತ್ತೇನು. ಅಯ್ಯೋ ತಾಯಿ, ಇವತ್ತು ಹೇಳ್ಬೇಡಿ, ನಾಳೆ ಹೇಳಿ, ಇಪ್ಪತ್ತೆರಡು ವರ್ಷ ಸುಮ್ಮನಿದ್ದದ್ದು ಇನ್ನೊಂದಿನ ಸುಮ್ಮನಿದ್ರೆ ಏನು ಗಂಟು ಹೋಗುತ್ತೆ, ಆದೇಶ ಕೈಗೆ ಬರ್ಲಿ, ಆಮೇಲೆ ಬೇಕಾದ್ರೆ ಡಂಗುರ ಹೊಡೀರಿ, ನಿಮ್ಮ ಅರ್ಜಿಯಲ್ಲಿ ಆ ಲೇಖನ ಬಿಟ್ರೆ ಇನ್ನೇನ್ರೀ ಇದೆ, ಕೋಪ ಮಾಡ್ಕೋಬೇಡಿ, ನಂದೂ ಅಷ್ಟೇ, ಕಪ್ಪೆ ಬಿಟ್ರೆ ನಾನು ಸೊನ್ನೆ. ಎಷ್ಟು ಒಳ್ಳೆಯ ಮನುಷ್ಯ, ತನಗೂ ಅದೇ ಹುದ್ದೆ ಬೇಕು, ಗಿಡದವರಿಗೂ ಪ್ರಾಣಿಯವರಿಗೂ ಸೇರಿ ಇರುವುದು ಒಂದೇ, ಆದರೂ ಬುದ್ಧಿ ಹೇಳುತ್ತಿದ್ದಾರೆ. ಅಷ್ಟರಲ್ಲಿ ಗಂಡನ ಫೋನು, ಹಲ್ಲಿನ ಡಾಕ್ಟರು, ಹಿನ್ನೆಲೆಯಲ್ಲಿ ಯಾರದೋ ಬಾಯಿಯ ಗುಳುಗುಳು, ಒಳಗೆ ಹೋದ್ಯಾ. ಇನ್ನೂ ಇಲ್ಲ, ಕೇಳು, ನನ್ನ ಲೇಖನ ತಪ್ಪು. ಯಾವುದು. ಅದೇ, ನಮ್ಮ ಮಗಳ ಜೊತೆ ಹುಟ್ಟಿದ್ದು. ಮತ್ತೆ ಯಾಕೆ ಇಷ್ಟು ಖುಷಿಯಾಗಿದೀಯ. ಗೊತ್ತಿಲ್ಲ, ನನಗೆ ಮತ್ತೆ ಕೆಲಸ ಸಿಕ್ತು ಅನ್ನಿಸ್ತಿದೆ. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಎಂಟು ವರ್ಷ ಮುಂಚೆನೇ ಬಂತು, ಎಲ್ಲದಕ್ಕೂ ಅವಸರ ನಿನಗೆ, ಬಾಯಿ ಅಗಲ ಮಾಡಿ, ನಿನಗಲ್ಲ ಮಾರಾಯ್ತಿ, ಇವರಿಗೆ, ಆಮೇಲೆ ಮಾಡ್ತೀನಿ. ಅವಳು ಫೋನನ್ನು ಕೈಚೀಲಕ್ಕೆ ಹಾಕಿ ಬೆವರು ಒರೆಸಿಕೊಂಡಳು.

ಹೇಳುತ್ತಾಳೆ, ಹೇಳಿಯೇ ತೀರುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ, ಅನುಮಾನವಿಲ್ಲದಿರುವುದೇ ಎಂಥ ಸುಖ, ಮತ್ತು ಹೊಸ ಲೇಖನ ಆಗಲೇ ತಲೆಯಲ್ಲಿ ಓಡುತ್ತಿದೆ, ಶೀರ್ಷಿಕೆ ಬಂದಾಯಿತು, ಕಾಯುವ ಬೀಜ, ಅದರ ಕೆಳಗೆ ಅವಳ ಹೆಸರು, ಮೊದಲ ವಾಕ್ಯ ಹೀಗೆ — ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಒಂದು ತಪ್ಪು ಮಾಡಿದೆ — ಆಹಾ, ಯಾವ ವಿಜ್ಞಾನದ ಲೇಖನ ಹೀಗೆ ಶುರುವಾಗಿದೆ, ಸಭಾಂಗಣದಲ್ಲಿ ಸೂಜಿ ಬಿದ್ದರೆ ಕೇಳಿಸಬೇಕು, ಆಮೇಲೆ ಚಪ್ಪಾಳೆ, ಎದ್ದು ನಿಂತು ಚಪ್ಪಾಳೆ, ತನ್ನ ತಪ್ಪನ್ನು ತಾನೇ ಹೇಳಿಕೊಂಡ ಧೀರೆ ಎಂದು, ಛೇ, ತಪ್ಪೊಪ್ಪಿಗೆಯಲ್ಲೂ ಹೆಸರು ಸಂಪಾದಿಸುವ ವಿದ್ಯೆ ನನಗೆ ಯಾರು ಕಲಿಸಿದರು, ಇರಲಿ, ಸ್ವಲ್ಪ ಆಸೆಪಟ್ಟರೆ ಏನು ತಪ್ಪು, ಐವತ್ತೊಂದಕ್ಕೆ ಇನ್ನೊಮ್ಮೆ ಬಾಗಿಲು ತೆರೆಯುತ್ತಿದೆ. ಲೆಕ್ಕಕ್ಕೆ ಏನು ಮಾಡುವುದು, ಹೊಸದಾಗಿ ಬಿತ್ತಿ ಎಣಿಸಿ ಬರೆಯಲು ಎರಡು ವರ್ಷ ಬೇಕು — ಬೇಡ, ಬೇಕಿಲ್ಲ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಲೆಕ್ಕವೆಲ್ಲ ಕಪಾಟಿನಲ್ಲೇ ಇದೆ, ಮೌನಿಯ ನಾಲ್ಕು ಪುಸ್ತಕ, ನಾಲ್ಕು ಸಲ ಮಾಡಿದ್ದಾಳೆ ಹುಡುಗಿ, ನಾಲ್ಕು ಸಲವೂ ಕಷ್ಟದ ಬೀಜ ತಡವಾಗಿಯೇ ಮೊಳೆತಿದೆ, ತಟ್ಟೆ ತಟ್ಟೆಗೂ, ಪೆನ್ಸಿಲಿನಲ್ಲಿ ಇರುವೆ ಸಾಲಿನಂತೆ ಸಣ್ಣ ಸಣ್ಣ ಸಂಖ್ಯೆ, ಮತ್ತು ಅದರ ಮೇಲೆ, ಅಡ್ಡಲಾಗಿ, ಒಂದು ಕೆಂಪು ಗೆರೆ, ಅದು ಇರಲಿ, ಅದು ಇವಳೇ ಎಳೆದದ್ದು, ಮಾರ್ಗದರ್ಶಕಿಯಾದವಳು ತಿದ್ದಬೇಕಲ್ಲವೇ, ಆಗ ಅದು ತಪ್ಪೆಂದೇ ಅನ್ನಿಸಿತ್ತು, ಈಗ ಲೇಖನದ ಕೊನೆಯಲ್ಲಿ ಕೃತಜ್ಞತೆ ಎಂಬಲ್ಲಿ ಹಾಕಿದರಾಯಿತು, ಎಣಿಕೆಯಲ್ಲಿ ನೆರವಾದ ವಿದ್ಯಾರ್ಥಿನಿಗೆ, ಬಡಗಿಗೂ ಒಂದು ಸಾಲು, ಬಡಗಿಗೆ ಕೃತಜ್ಞತೆ ಹೇಳಿದ ಲೇಖನ, ಓದಿದವರು ನಗಬೇಕು. ಕಪ್ಪೆ ಮೇಷ್ಟ್ರನ್ನು ಗುಮಾಸ್ತ ಒಳಗೆ ಕರೆದ, ಅವರು ಎದ್ದು ಹೋಗುವಾಗ ಚೀಟಿ ಕುರ್ಚಿಯಲ್ಲೇ ಬಿಟ್ಟುಹೋದರು.

ಮೌನಿಗೆ ಬೆಳಿಗ್ಗೆ ಏನಾದರೂ ಹೇಳಿದೆನೇ, ಗಾಜಿನ ಆ ಕಡೆ ಅವಳು ನಿಂತೇ ಇದ್ದಳು, ಇವಳು ಸ್ಟೂಲಿನಿಂದ ಇಳಿದು ಪುಸ್ತಕ ಎತ್ತಿಕೊಂಡು ಓಡಿಬಂದಳು, ಹೇಳಲಿಲ್ಲ, ಹೇಳಲು ಹೊತ್ತೆಲ್ಲಿತ್ತು, ಹೋಗಿ ಹೇಳಿದರಾಯಿತು, ಹುಡುಗಿಗೆ ಖುಷಿಯಾಗುತ್ತದೆ. ಅವಳು ಮೊದಲ ಸಲ ಪುಸ್ತಕ ತಂದದ್ದು ಎರಡು ವರ್ಷದ ಹಿಂದೆ, ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತು, ಮೇಡಂ, ಉಲ್ಟಾ ಬರ್ತಿದೆ. ಇವಳು ಕನ್ನಡಕದ ಮೇಲಿಂದ ನೋಡಿ, ಉಲ್ಟಾ ಬರ್ತಿದೆ ಅಂದ್ರೆ ನೀನು ಉಲ್ಟಾ ಇಟ್ಟಿದೀಯ, ಎಡ ಬಲ ಗೊತ್ತಾಗಲ್ವಾ ನಿನಗೆ. ಎಡ ಬಲ! ಇದನ್ನು ಇವಳು, ಈ ಬಾಯಿಂದ! ನಗಬೇಕೋ ಅಳಬೇಕೋ. ಎರಡನೆಯ ಸಲ ಹುಡುಗಿ ತಟ್ಟೆಗಳಿಗೆ ಬಣ್ಣದ ದಾರ ಕಟ್ಟಿಕೊಂಡು ಬಂದಿದ್ದಳು, ಅಳಿಸಿಹೋಗದ ಗುರುತು, ಎಷ್ಟು ಜಾಣತನ, ಆಗಲೂ ಉಲ್ಟಾ, ಮತ್ತೆ ಮಾಡು ಎಂದಳು ಇವಳು, ಮೂರನೆಯ ಸಲ ಹುಡುಗಿ ಬಹಳ ಧೈರ್ಯ ಮಾಡಿ, ಬೀರುದೇ ಏನಾದ್ರೂ ದೋಷ ಇರ್ಬಹುದಾ ಮೇಡಂ ಎಂದು ಕೇಳಿದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದುಬಿಟ್ಟಳು, ಲ್ಯಾಬಿನ ಉಳಿದವರೆಲ್ಲ ನಕ್ಕರು, ಹುಡುಗಿಯೂ ನಕ್ಕಂತೆ ಮಾಡಿದಳು. ಕೆಂಪು ಪೆನ್ಸಿಲು ಮೇಜಿನ ಮೇಲೇ ಇತ್ತು, ಅಷ್ಟು ಜೋರಾಗಿ ಎಳೆಯಬೇಕಿರಲಿಲ್ಲ, ಪುಟ ತಿರುವಿದರೆ ಹಿಂಬದಿಯಲ್ಲೂ ಬೆರಳಿಗೆ ಸಿಗುತ್ತದೆ ಆ ಗೆರೆ, ಏಕೆ ಅಷ್ಟು ಸಿಟ್ಟು ಬಂದಿತ್ತು ಅವತ್ತು — ಸಿಟ್ಟೇ ಅದು, ಹೆದರಿಕೆಯೇ — ಮೂರನೆಯ ಸಲಕ್ಕೆ ಎಲ್ಲೋ ಹೊಟ್ಟೆಯಲ್ಲಿ ಗೊತ್ತಾಗಿತ್ತೇ, ಇಲ್ಲ, ಇಲ್ಲ, ಗೊತ್ತಾಗಿರಲಿಲ್ಲ, ಗೊತ್ತಾಗುವುದು ಬೇಡವಾಗಿತ್ತು. ಈ ಯೋಚನೆಯನ್ನೆಲ್ಲ ಈಗ ಮಾಡುವುದಲ್ಲ, ಈಗ ಖುಷಿಯಾಗಿರಬೇಕು, ಬಾಗಿಲು ತೆರೆಯಿತು, ಕಪ್ಪೆ ಮೇಷ್ಟ್ರು ಹೊರಬಂದರು, ಬಣ್ಣ ಬೆವರಿಗೆ ಕರಗಿ ಕೆನ್ನೆಗೆ ಇಳಿದಿದೆ, ಹೋಗಿ ಹೋಗಿ, ಒಳ್ಳೇದಾಗ್ಲಿ, ಬಾಯಿ ಬಿಗಿ ಹಿಡ್ಕೊಳ್ಳಿ, ಎಂದು ಪಿಸುಗುಟ್ಟಿದರು.

ಉದ್ದನೆಯ ಮೇಜು, ಆ ಕಡೆ ಐವರು, ನಡುವೆ ಕುಲಪತಿಗಳು, ಅವರ ಪಕ್ಕದಲ್ಲಿ ಹೊರಗಿನಿಂದ ಬಂದ ತಜ್ಞೆ, ಎಪ್ಪತ್ತು ದಾಟಿದ ಮುದುಕಿ, ಬೆಳ್ಳಗೆ ಕತ್ತರಿಸಿದ ಕೂದಲು, ಕೈಯಲ್ಲಿ ಮೋಟು ಪೆನ್ನು, ಈ ಕಡೆ ಒಂದೇ ಕುರ್ಚಿ, ಕೂತ್ಕೊಳ್ಳಿ, ನಿಮ್ಮ ಮುಖ್ಯವಾದ ಕೊಡುಗೆ ಏನು ಅಂತ ಒಂದು ವಾಕ್ಯದಲ್ಲಿ ಹೇಳಿ ನೋಡೋಣ, ಎಂದರು ಕುಲಪತಿಗಳು ಅರ್ಜಿಯ ಮೇಲೆ ಕಣ್ಣಿಟ್ಟು, ಆಮೇಲೆ ಊಟಕ್ಕೆ ಹೋಗುವ ಅವಸರ ಅವರದು. ಅದು ತಪ್ಪು ಸರ್, ಎಂದಳು ಅವಳು, ಒಂದು ವಾಕ್ಯ, ಕೇಳಿದಷ್ಟೇ, ಐದು ತಲೆ ಒಟ್ಟಿಗೆ ಮೇಲೆದ್ದವು, ಮತ್ತು ಅವಳಿಗೆ ಎಲ್ಲಿಲ್ಲದ ಹುರುಪು ಬಂತು, ಕೂತಲ್ಲಿಂದ ಎದ್ದಳು, ಮೇಜಿನ ಮೇಲಿದ್ದ ನೀರಿನ ಲೋಟಗಳನ್ನು ಒಂದೊಂದಾಗಿ ಎಳೆದು ಸಾಲಾಗಿಟ್ಟಳು, ಕುಲಪತಿಗಳದ್ದನ್ನೂ ಬಿಡಲಿಲ್ಲ, ನೋಡಿ, ಈ ಎಡಗಡೆಯವು ಕಷ್ಟದವು, ಈ ಬಲಗಡೆಯವು ಸುಖದವು, ಇಟ್ಟದ್ದು ಇಲ್ಲಿಂದ, ಸರಿ ತಾನೇ, ಈಗ ಬನ್ನಿ, ಎಂದು ಮೇಜನ್ನು ಸುತ್ತಿ ಹೋಗಿ ಕುಲಪತಿಗಳ ಬೆನ್ನ ಹಿಂದೆಯೇ ನಿಂತುಬಿಟ್ಟಳು, ಈ ಕಡೆಯಿಂದ ಎಣಿಸಿ ಸರ್, ಎಡದಿಂದ, ಒಂದು, ಎರಡು, ನೋಡಿದ್ರಾ, ಯಾಕೆ ಈ ಕಡೆ ಬಂದೆ ಅಂದ್ರೆ ಇಲ್ಲಿ ಕುರ್ಚಿ ಇತ್ತು, ನಾನು ತುಂಬು ಬಸುರಿ ಸರ್, ಎಂದು ನೀಲಿ ಪುಸ್ತಕವನ್ನು ಅವರ ಮುಂದೆ ಬಿಡಿಸಿಟ್ಟಳು. ಒಬ್ಬರು ತಮ್ಮ ಲೋಟವನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ತಜ್ಞೆ ನಕ್ಕಳು, ಬಾಯಿ ತುಂಬ, ಕಣ್ಣಲ್ಲಿ ನೀರು ಬರುವಷ್ಟು, ನಾನು ಆ ಲೇಖನವನ್ನ ಹತ್ತು ಕಡೆ ಪಾಠ ಮಾಡಿದೀನಿ ಕಣಮ್ಮಾ, ಹತ್ತು ಕಡೆ, ಮೂರ್ಖಳ ಹಾಗೆ, ಎಂದಳು. ಇವಳು ತನ್ನ ಕುರ್ಚಿಗೆ ಮರಳುವಾಗ ಮಂಡಿ ನೋಯುವುದು ಕೂಡ ಮರೆತಿತ್ತು.

ಹಾಗಿದ್ರೆ ಉಲ್ಟಾದೇ ಸರಿ ಅಂತ ಹೇಗೆ ಹೇಳ್ತೀರಿ, ಎಂದರು ಕುಲಪತಿಗಳು, ಎಣಿಕೆ ಕೆಟ್ಟಿದೆ ಅಂತ ತಾನೇ ಇದ್ರಿಂದ ಗೊತ್ತಾಗೋದು. ಮತ್ತೆ ಮಾಡಿ ನೋಡಿದೀವಿ ಸರ್, ನಾಲ್ಕು ಸಲ, ನಮ್ಮ ಲ್ಯಾಬಲ್ಲೇ — ನೋಡಿದೀವಿ, ನಮ್ಮ, ಎಷ್ಟು ಸಲೀಸಾಗಿ ಬಂತು ಆ ಮಾತು, ಜಾರುಗಲ್ಲಿನ ಮೇಲೆ ಕಾಲಿಟ್ಟಂತೆ, ಇಪ್ಪತ್ತಾರು ವರ್ಷ ಅಭ್ಯಾಸ ಮಾಡಿದ ನಾವು, ಕೀರ್ತಿ ಬಂದಾಗ ನಾವು, ಕೆಲಸ ಕೆಟ್ಟಾಗ ನೀನು. ಕುಲಪತಿಗಳ ಮುಖ ಅರಳಿತು, ಹಾಗೆ ಹೇಳಿ ಮತ್ತೆ, ಹಳೇದನ್ನ ತೆಗೆದು ಅದೇ ಜಾಗದಲ್ಲಿ ಹೊಸದನ್ನ ಇಟ್ರಾಯ್ತು, ಇದು ಇನ್ನೂ ದೊಡ್ಡ ವಿಷಯ, ಪ್ರಾಮಾಣಿಕತೆಯೂ ಆಯ್ತು, ಸಂಶೋಧನೆಯೂ ಆಯ್ತು, ಎಂದು ತಜ್ಞೆಯ ಕಡೆ ಅರ್ಜಿ ತಳ್ಳಿದರು, ನೀವೇ ಬರೀರಿ ಮೇಡಂ. ಆಗಿಹೋಯಿತು! ಹುದ್ದೆ ಸಿಕ್ಕಿತು, ಹೆಸರೂ ಉಳಿಯಿತು, ಹೇಳಿಯೂ ಹೇಳಿದೆ, ಗೆದ್ದೂ ಗೆದ್ದೆ, ಗಂಡನಿಗೆ ಫೋನು ಮಾಡಬೇಕು, ಮಗಳಿಗೆ, ಮಗಳು ಏನೆನ್ನಬಹುದು, ಅಮ್ಮಾ ನೀನು ಹುಚ್ಚಿ ಎನ್ನುತ್ತಾಳೆ, ಮುದುಕಿ ಮೋಟು ಪೆನ್ನನ್ನು ಅರ್ಜಿಯ ಏಳನೆಯ ಕಾಲಮ್ಮಿಗೆ, ಮುಖ್ಯ ಕೊಡುಗೆ ಎಂಬಲ್ಲಿಗೆ, ಒಯ್ದಳು, ಬರೆಯಲಿಲ್ಲ. ನಾಲ್ಕು ಸಲ ಅಂದ್ರಲ್ಲ, ನೀವೇ ಎಣಿಸಿದ್ರಾ. ಇಲ್ಲ, ನನ್ನ ವಿದ್ಯಾರ್ಥಿನಿ. ಮೊದಲನೇ ಸಲ ಯಾವಾಗ. ಎರಡು ವರ್ಷ ಆಯ್ತು. ಎರಡು ವರ್ಷದ ಹಿಂದೆನೇ ಆ ಹುಡುಗಿ ನಿಮಗೆ ತಂದು ತೋರಿಸಿದ್ಲಾ. ಹೌದು. ಏನಂದ್ಲು. ಉಲ್ಟಾ ಬರ್ತಿದೆ ಅಂದ್ಲು. ಮುದುಕಿ ಈಗ ನಗುತ್ತಿರಲಿಲ್ಲ, ಸಿಟ್ಟೂ ಮಾಡಿರಲಿಲ್ಲ, ಬರೀ ಕೇಳುತ್ತಿದ್ದಳು, ತಟ್ಟೆ ಎಣಿಸುವವಳ ಹಾಗೆ, ಒಂದಾದ ಮೇಲೊಂದು.

ಎಲ್ಲಿ ಆ ಪುಸ್ತಕ. ಲ್ಯಾಬಲ್ಲಿದೆ. ಅದರಲ್ಲಿ ಏನಿದೆ. ಏನಿದೆ, ಸಂಖ್ಯೆಗಳಿವೆ, ಇರುವೆ ಸಾಲಿನಂತೆ, ಮತ್ತು ಅಡ್ಡಲಾಗಿ — ಎಷ್ಟು ಬೇಗ ಓಡುತ್ತಿದ್ದ ತಲೆ, ಬೆಳಿಗ್ಗೆಯಿಂದ ಒಂದು ಕ್ಷಣ ನಿಂತಿರಲಿಲ್ಲ, ಲೇಖನ, ಚಪ್ಪಾಳೆ, ಕಾಯುವ ಬೀಜ, ಅದು ಯಾರು ಕಂಡ ಬೀಜ, ಎಂಟೂವರೆಗೆ ನಾನು ಕಂಡದ್ದೇನು, ಒಂದು ಬಾಗಿಲು, ಒಂದು ಕುರ್ಚಿ, ನನ್ನ ತಪ್ಪು, ಅಷ್ಟನ್ನೇ, ಬೀಜ ಕಾಯುವುದನ್ನು ಕಂಡವಳು ಏಳು ಗಂಟೆಗೆ ಬಂದು ನಿಂತುಕೊಂಡೇ ಎಣಿಸುತ್ತಿದ್ದಳು, ಅವಳಿಗೆ ಕುರ್ಚಿಯೂ ಇರಲಿಲ್ಲ, ಕಂಡು, ತಂದು, ಎರಡು ಹೆಜ್ಜೆ ಹಿಂದೆ ನಿಂತು ಹೇಳಿದಳು, ನಾಲ್ಕು ಸಲ ಹೇಳಿದಳು, ನಾನು ಎಡ ಬಲ ಎಂದೆ, ನೆಲ ಡೊಂಕು ಎಂದೆ, ಮತ್ತು ಈಗ ಇಲ್ಲಿ ಲೋಟ ಜೋಡಿಸಿ ಕುಣಿಯುತ್ತಿದ್ದೇನೆ. ಮೈಯ ಬಿಸಿ ಒಮ್ಮೆಗೇ ಇಳಿದುಹೋಯಿತು. ಕುಲಪತಿಗಳು ಗಡಿಯಾರ ನೋಡಿಕೊಂಡು, ಇರ್ಲಿ ಬಿಡಿ, ಮಾರ್ಗದರ್ಶನ ಇವರದೇ ತಾನೇ, ವಿದ್ಯಾರ್ಥಿ ಕೆಲಸ ಅಂದ್ರೆ ಗುರುವಿನ ಕೆಲಸವೇ, ಎಲ್ಲ ಕಡೆ ನಡ್ಕೊಂಡು ಬಂದಿರೋದೇ, ಎಂದರು, ನಿಜ, ಹಾಗೆಯೇ ನಡೆದುಕೊಂಡು ಬಂದಿದೆ, ಸುಮ್ಮನೆ ತಲೆಯಾಡಿಸಿದರೆ ಸಾಕು, ಮಾತೂ ಬೇಕಿಲ್ಲ. ಸಂಶೋಧನೆ ಅವಳದು ಸರ್, ಎಂದಳು. ನೀರಿಗೆ ಕೈ ಚಾಚಿದಳು, ಲೋಟವೆಲ್ಲ ಆ ಕಡೆಗಿದ್ದವು. ಪೂರ್ತಿ ಅವಳದು, ನಾನು ಒಪ್ಕೊಳ್ಳಲಿಲ್ಲ. ಸರಿ, ಎಂದಳು ಮುದುಕಿ, ಪೆನ್ನನ್ನು ಏಳನೆಯ ಕಾಲಮ್ಮಿನಿಂದ ಎತ್ತದೆ, ಮೆತ್ತಗೆ, ತನ್ನ ಮಗಳನ್ನು ಕೇಳುವ ಹಾಗೆ, ಹಾಗಾದ್ರೆ ಇದರಲ್ಲಿ ನಿಮ್ಮದು ಅಂತ ಏನು ಬರ್ಕೊಳ್ಳಲಿ ಹೇಳಿ — ಮತ್ತು ಅವಳು ಹುಡುಕಿದಳು, ಇಪ್ಪತ್ತಾರು ವರ್ಷದಲ್ಲಿ, ಕಪಾಟಿನಲ್ಲಿ, ಕಡತದಲ್ಲಿ, ತಲೆಯಲ್ಲಿ, ಏನಾದರೂ ಒಂದು, ಆದರೆ ತಲೆ ಮುಂದಕ್ಕೆ ಹೋಗಲಿಲ್ಲ, ಎಲ್ಲಿ ತಿರುಗಿಸಿದರೂ ಅದೇ ಪುಟ, ಅದೇ ಕೆಂಪು ಗೆರೆ, ಮೂಲೆಯಿಂದ ಮೂಲೆಗೆ, ಹಿಂಬದಿಯಲ್ಲೂ ಬೆರಳಿಗೆ ಸಿಗುವಂತೆ ಒತ್ತಿ ಎಳೆದದ್ದು, ಇದು ನನ್ನದು, ಕೆಂಪು ಗೆರೆ ನನ್ನದು, ಅದರ ಕೆಳಗೆ ಪೆನ್ಸಿಲಿನಲ್ಲಿ ಹನ್ನೆರಡು ಸಂಖ್ಯೆ, ಸಣ್ಣಗೆ, ಸಾಲಾಗಿ, ಒಂದೂ ತಪ್ಪಿಲ್ಲ.